ಡಾಖೌ ಬಾಗಿಲಲ್ಲಿ ಬಸಲಿಂಗಪ್ಪನವರ ಬೂಟು

ಬಸಲಿಂಗಪ್ಪನವರ ಮನೆಗೆ ಹೋದವರು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇದರಲ್ಲೇನು ವಿಶೇಷ ಅನ್ನಬೇಡಿ. ಹೂಸ್ಟನ್ನಿನ ಜುಲೈ ಬಿಸಿಲಲ್ಲಿ ಎಸಿ ರಿಪೇರಿಗೆ ಬಂದ ಏಳಡಿ ಆಸಾಮಿಗೂ ಅದೇ ಕಾನೂನು. ಅವನ ಕೌಬಾಯ್ ಬೂಟು ಎಳೆಯಲು ಮೂರು ಜನ ಬೇಕಾಯಿತು. ಅದು ಕಳಚುವಷ್ಟರಲ್ಲಿ ದೀಪಾವಳಿ ಬಂದು, ಎಸಿಯೇ ಬೇಕಾಗಲಿಲ್ಲ.

ಗದಗದಿಂದ ಬಂದು ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು ಇವರು. ಹೆಂಡತಿ ತೀರಿಕೊಂಡ ಮೇಲೆ ಉಳಿದ ಒಂದೇ ಸುಖವೆಂದರೆ ಮೊಮ್ಮಗಳು ಸಾನ್ವಿಯ ಜೊತೆ ಊರೂರು ತಿರುಗುವುದು. ಆಸ್ಟಿನ್‌ನಲ್ಲಿ ಇತಿಹಾಸ ಓದುವ ಈ ಹುಡುಗಿ ಹೋದ ನವೆಂಬರಿನಲ್ಲಿ ಅಜ್ಜನನ್ನೂ ಕರೆದುಕೊಂಡು ಜರ್ಮನಿಗೆ ಹೊರಟಳು. ನಾಜಿಗಳು ಜನರನ್ನು ಕೂಡಿಹಾಕಿ ಕೊಂದ ಡಾಖೌ ಶಿಬಿರ ಈಗ ಸ್ಮಾರಕ, ಅದನ್ನು ನೋಡಬೇಕಿತ್ತು. ಅಜ್ಜನಿಗೆ ಅವಳದು ಒಂದೇ ಷರತ್ತು: ಅಲ್ಲಿ ತನ್ನ ಮಾನ ಕಳೆದರೆ ಇನ್ನು ಯಾವ ಊರಿಗೂ ಕರೆದೊಯ್ಯುವುದಿಲ್ಲ.

ಷರತ್ತು ಕಬ್ಬಿಣದ ಗೇಟಿನವರೆಗೆ ಬಾಳಿತು. ಅಲ್ಲಿ ಅಜ್ಜ ಕೂತು ಲೇಸು ಬಿಚ್ಚಿದರು.

"ಅಜ್ಜಾ! ವಾಟ್ ಆರ್ ಯೂ ಡೂಯಿಂಗ್?"

"ಮಂದಿ ಸತ್ತ ಜಾಗಾ ಐತವ್ವಾ. ಬೂಟ್ ಹಾಕ್ಕೊಂಡು ತುಳೀಲೇನು?"

"ಇದು ಗುಡಿ ಅಲ್ಲ, ಪ್ಲೀಸ್!"

"ಗುಡ್ಯಾಗ ದೇವರು ಅದಾನೋ ಇಲ್ಲೋ, ಗ್ಯಾರಂಟಿ ಇಲ್ಲ. ಇಲ್ಲಿ ಇವರು ಇದ್ದದ್ದಂತೂ ಖರೆ."

ಸಾನ್ವಿ ಹತ್ತು ಹೆಜ್ಜೆ ಮುಂದೆ ಹೋಗಿ, ಯಾರೋ ಅಪರಿಚಿತಳಂತೆ ನಿಂತುಬಿಟ್ಟಳು. ಎದುರಿಗೆ ಜಲ್ಲಿಕಲ್ಲಿನ ಬಯಲು. ಚಳಿ ಎಷ್ಟೆಂದರೆ, ಆಡಿದ ಮಾತು ಹೆಪ್ಪುಗಟ್ಟಿ ಕಾಲ ಮೇಲೆ ಬೀಳಬೇಕು. ಕೈಯಲ್ಲಿ ಬೂಟು, ಹರಿದ ಕಾಲುಚೀಲದಿಂದ ಇಣುಕುವ ಹೆಬ್ಬೆರಳು, ಕೆಂಡ ಹಾಯುವವರ ಕುಪ್ಪಳಿಕೆ. ಹೀಗೆ ಸಾಗಿತು ಬಸಲಿಂಗಪ್ಪನವರ ಸವಾರಿ.

ಸ್ಮಾರಕದ ಸಿಬ್ಬಂದಿ ಹೆಂಗಸೊಬ್ಬಳು ಹತ್ತಿರ ಬಂದು, ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದಳು. ಮೂವತ್ತು ವರ್ಷ ಅದೇ ಇಂಗ್ಲಿಷಿನಲ್ಲಿ ಬೆಂಡೆಕಾಯಿ ಮಾರಿದವರು ಈಗ ಕೈಯಲ್ಲಿದ್ದ ಬೂಟಿನಿಂದಲೇ ಬಯಲನ್ನು ತೋರಿಸಿದರು. ಕಣ್ಣು, ಕೈದಿಗಳ ಬ್ಯಾರಕ್ಕುಗಳು ನಿಂತಿದ್ದ ಸಾಲುಸಾಲು ಖಾಲಿ ಅಡಿಪಾಯಗಳ ಮೇಲಿತ್ತು.

ಕ್ಷಮೆ ಕೇಳಬೇಕೆಂದೇ ಸಾನ್ವಿ ಓಡಿಬಂದಳು. ಅಜ್ಜನ ಮುಖ ನೋಡಿದಳು. ಬಾಯಿಂದ ಹೊರಟದ್ದು ಬೇರೆ: ಸತ್ತವರಿರುವ ನೆಲದ ಮೇಲೆ ನಮ್ಮವರು ಚಪ್ಪಲಿ ಮೆಟ್ಟುವುದಿಲ್ಲ.

ಹೆಂಗಸು ಆ ಹೆಬ್ಬೆರಳನ್ನೇ ಸ್ವಲ್ಪ ಹೊತ್ತು ನೋಡಿದಳು. ಕಲ್ಲುಗಳು ಚೂಪಾಗಿವೆ, ಹುಷಾರು ಎಂದು ದಾರಿ ಬಿಟ್ಟಳು.

ಸಾನ್ವಿ ಬೂಟನ್ನು ಕಸಿದು ಕಂಕುಳಲ್ಲಿ ಅವುಚಿಕೊಂಡು, ಅಜ್ಜನ ಮೊಣಕೈ ಹಿಡಿದಳು.

"ಕೊಡವ್ವಾ, ಭಾರ ಅದಾವು."

"ಇರ್ಲಿ ಅಜ್ಜಾ, ಸಾವಕಾಶ ನಡಿ. ಮುಂದಿನ ವರ್ಷ ಪೋಲೆಂಡಿನ ಶಿಬಿರಕ್ಕ ಹೋಗೋದದ. ನಿನಗ ದಪ್ಪ ಸಾಕ್ಸ್ ತಗೋಬೇಕು."