ಏರಿನ ಮೇಲಿನ ಹುರುಳಿಕಟ್ಟು

ಕದಿರೇಶನಿಗೆ ಕಂಡಕ್ಟರ್ ಕೆಲಸ ಸಿಕ್ಕಿದ್ದು ಯುದ್ಧದ ಕಾಲದಲ್ಲಿ. ಖಾಕಿ ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ದೊರೆಯೇ ಎದುರು ಬಂದಂತೆ ಕಂಡಿತು. ದೊರೆತನ ಮಧ್ಯಾಹ್ನದವರೆಗೂ ಬಾಳಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂಬದಿಯ ಒಲೆಗೆ ಇದ್ದಿಲು ಸುರಿದು ಗಾಳಿಚಕ್ರ ತಿರುಗಿಸುವ ಕೂಲಿಗೇ ಕಂಡಕ್ಟರ್ ಎಂದು ಹೆಸರು.

ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಏರು. ಹತ್ತುವಷ್ಟರಲ್ಲಿ ಒಲೆ ನಂದುತ್ತಿತ್ತು. ಬಸ್ಸು ಏದುಸಿರು ಬಿಟ್ಟು ನಿಲ್ಲುವ ಕಡೆಯೇ ಅಕ್ಕಯಮ್ಮನ ಗರಿ ಚಪ್ಪರದ ಹೋಟ್ಲು. ಗಂಡ ತೀರಿಕೊಂಡ ಮೇಲೆ ಮೈದುನರು ಹೊಲ ಹಂಚಿಕೊಂಡು, ಅವಳ ಪಾಲಿಗೆ ಒಂದು ಮುದಿ ಎತ್ತನ್ನೂ ಅದರ ಮೇವಿಗೆ ಹುರುಳಿಯನ್ನೂ ಬಿಟ್ಟಿದ್ದರು. ಅವಳು ಹುರುಳಿ ಬೇಯಿಸಿ, ಕಾಳನ್ನು ಎತ್ತಿಗೆ ಹಾಕಿ, ಬಸಿದ ಕಟ್ಟಿನ ನೀರಿಗೆ ಹುಣಸೆಹಣ್ಣು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಸಾರು ಮಾಡಿ ಬಿಸಿ ಮುದ್ದೆಯೊಂದಿಗೆ ಬಡಿಸುತ್ತಿದ್ದಳು. ಹೋಟ್ಲೆಂದರೆ ಅಷ್ಟೇ.

ಮುದ್ದೆ ಯಾರಿಗೂ ಕಾಯುವುದಿಲ್ಲ. ಏರಿನ ಬುಡದಲ್ಲಿ ಬಸ್ಸಿನ ಏದುಸಿರು ಕೇಳಿದ ಮೇಲೆಯೇ ಅಕ್ಕಯಮ್ಮ ಎಸರಿಗೆ ಹಿಟ್ಟು ಹಾಕುವಳು. ಬಸ್ಸು ನಿಲ್ಲುವ ಹೊತ್ತಿಗೆ ತೊಳಸಿ ಕಟ್ಟಿರುವಳು.

"ಬಾರಪ್ಪಾ ಇದ್ದಿಲ ದೊರೆ, ಮೊದ್ಲು ಮಕ ತೊಳ್ಕ. ಇಲ್ದಿದ್ರೆ ಮುದ್ದೆ ಯಾವ್ದು, ನೀನ್ಯಾವ್ದು ಗೊತ್ತಾಗಲ್ಲ!"

ಶ್ರೀನಿವಾಸಪುರದ ಮಂಡಿ ಯಜಮಾನ ಸುಬ್ಬರಾಯಪ್ಪ ಬೆರಳು ನೆಕ್ಕುತ್ತ, "ನಮ್ಮಮ್ಮನ ಕೈಲೂ ಈ ರುಚಿ ಇರ್ಲಿಲ್ಲ ಕಣಮ್ಮಾ. ನೀನು ಅಂಗ್ಡಿ ಎತ್ತಿದ ದಿನ ನಾನು ಈ ಬಸ್ಸೇ ಹತ್ತಲ್ಲ" ಎನ್ನುತ್ತಿದ್ದರು.

"ನಡ್ಕೊಂಡೇ ಬನ್ನಿ ಯಜಮಾನ್ರೇ, ಹಸಿವು ಜಾಸ್ತಿಯಾಗ್ತದೆ."

ಯುದ್ಧ ಮುಗಿದು, ಪೆಟ್ರೋಲು ಬಂತು. ಕದಿರೇಶನ ಮುಖ ಬೆಳ್ಳಗಾಯಿತು. ಮೊದಲ ದಿನ ಬಸ್ಸು ಉಸಿರೆತ್ತದೆ ಏರು ಹತ್ತಿತು. ಅಕ್ಕಯಮ್ಮ ಮುದ್ದೆ ಕೋಲು ಹಿಡಿದು ಹೊರಗೆ ಓಡಿಬರುವಷ್ಟರಲ್ಲಿ ಮುಂದೆ ಹೋಗಿತ್ತು. ಆಮೇಲೆ ಅವಳು ಅಂದಾಜಿನ ಮೇಲೆ ಹಿಟ್ಟು ಹಾಕತೊಡಗಿದಳು. ಮುದ್ದೆ ತಣ್ಣಗಾಗಿ ಬಿರಿಯುತ್ತಿತ್ತು. ದಾರಿಹೋಕ ಎತ್ತಿನಗಾಡಿಯವರು ಬೆರಳಿನಿಂದ ಒತ್ತಿ ನೋಡಿ ಎದ್ದುಹೋಗುತ್ತಿದ್ದರು.

ಒಂದು ದಿನ ಕದಿರೇಶ ಧೈರ್ಯ ಮಾಡಿ ಹಗ್ಗ ಎಳೆದು ಗಂಟೆ ಹೊಡೆದ. ಬಸ್ಸು ನಿಂತಿತು. ಒಳಗಿನಿಂದ ಸುಬ್ಬರಾಯಪ್ಪನವರ ದನಿಯೇ ಮೊದಲು ಎದ್ದಿತು.

"ಏನಯ್ಯಾ, ಇಲ್ಲೇನು ನಿನ್ನ ಮಾವನ ಮನೆನಾ? ಮಂಡಿಗೆ ಹೊತ್ತಾಯ್ತು, ಬಿಡು!"

"ಸಾರು, ಯಜಮಾನ್ರೇ..."

"ಸಾರು ಎಲ್ಲಿಗೋಗ್ತದೆ? ನಾಳೆ ತಿಂದ್ರಾಯ್ತು."

ಬಾಗಿಲಲ್ಲಿದ್ದ ಅಕ್ಕಯಮ್ಮ ಎಲ್ಲ ಕೇಳಿಸಿಕೊಂಡಳು. "ಹೋಗಪ್ಪಾ. ಕಟ್ಟೂ ಎತ್ತಿಗೇ ಹಾಕ್ತೀನಿ. ಅದು ಹೊತ್ತಾಯ್ತು ಅನ್ನಲ್ಲ."

ಕದಿರೇಶ ಮತ್ತೆ ಗಂಟೆ ಹೊಡೆದ. ಗಂಟೆಯೊಂದನ್ನು ಬಿಟ್ಟರೆ ಅವನ ಮಾತು ಕೇಳುವಂಥದು ಆ ಬಸ್ಸಿನಲ್ಲಿ ಏನೂ ಇರಲಿಲ್ಲ.

ಬೇಸಿಗೆಗೆ ಮೊದಲೇ ಎತ್ತೂ ಹೋಯಿತು, ಚಪ್ಪರವೂ ಹೋಯಿತು. ಈಗ ಬಸ್ಸು ಏರು ದಾಟುವಾಗಲೆಲ್ಲ ಸುಬ್ಬರಾಯಪ್ಪ ನಿಟ್ಟುಸಿರು ಬಿಡುತ್ತಾರೆ. "ಅಯ್ಯೋ, ಆ ಹುರುಳಿಕಟ್ಟು! ಅಂಥ ಹೋಟ್ಲು ಮುಚ್ಚೋಯ್ತಲ್ರಪ್ಪಾ." ಪಕ್ಕದವರೂ ಲೊಚಗುಟ್ಟುತ್ತಾರೆ.

ಮೊನ್ನೆ ಕದಿರೇಶನಿಗೆ ತಡೆಯಲಾಗಲಿಲ್ಲ. ರಸ್ತೆ ಅಗಲ ಮಾಡಲು ಜಲ್ಲಿ ಒಡೆಯುತ್ತಿದ್ದ ಕೂಲಿಯವರತ್ತ ಕೈ ತೋರಿಸಿದ. "ಅಲ್ನೋಡಿ ಯಜಮಾನ್ರೇ, ಅಕ್ಕಯಮ್ಮ."

ಬಸ್ಸಿಗೆ ದಾರಿ ಬಿಡಲು ಅವಳು ಸುತ್ತಿಗೆ ಹಿಡಿದು ಪಕ್ಕಕ್ಕೆ ಸರಿದಳು.

"ಧೂಳು ಕಣಯ್ಯಾ" ಎಂದು ಸುಬ್ಬರಾಯಪ್ಪ ಕಿಟಕಿಯ ಪರದೆ ಇಳಿಸಿದರು.