ಎಡಗಡೆಯ ಗಾಲಿ

ಶಿರಗುಪ್ಪಿಯ ಎರೆಹೊಲದಲ್ಲಿ ನಮ್ಮ ಕಾರು ಹೂತುಕೊಳ್ಳದಿದ್ದರೆ ನನ್ನ ಗಂಡ ಶಿವಯೋಗೀಶರಿಗೆ ಜೀಪಿನ ಹುಚ್ಚು ಹತ್ತುತ್ತಲೇ ಇರಲಿಲ್ಲ. ದುರ್ಗದಬೈಲಿನಲ್ಲಿ ನಮ್ಮದು ಸೀರೆ ಅಂಗಡಿ. ಗಾದಿಯ ಮೇಲೆ ಕೂತು ಇಳಕಲ್ ಸೀರೆಯ ಮಡಿಕೆ ಬಿಚ್ಚಿ ಸೆರಗು ತೋರಿಸುವುದು ಇವರ ಕೆಲಸ. ಸೈಕಲ್ಲಿನ ಚೈನು ಬಿದ್ದರೆ ನನ್ನನ್ನು ಕರೆಯುತ್ತಿದ್ದರು.

ಬಂಧುಗಳ ಮನೆಯ ಬಸುರಿಯ ಕುಬಸಕ್ಕೆ ಹೋದವರು ಮಳೆಗೆ ಸಿಕ್ಕೆವು. ಗಾಲಿಗೆ ಮೆತ್ತಿದ ಕರಿಮಣ್ಣು ನಾದಿದ ಹಿಟ್ಟಿನಂತೆ ದಪ್ಪಗಾಗುತ್ತಲೇ ಹೋಯಿತು. ಕೆಳಗಿಳಿದರೆ ಹಾವು, ಒಳಗಿದ್ದರೆ ಸಿಡಿಲು ಎಂದು ನಾನು ಮಗಳು ಶಾಂಭವಿಯನ್ನು ಅಪ್ಪಿಕೊಂಡು ಅಳುವುದೊಂದೇ ಬಾಕಿ. ಆಗ ಒಂದು ಮೋಟು ಜೀಪು ಬಂದು ಹಗ್ಗ ಕಟ್ಟಿ ನಮ್ಮನ್ನು ಹೊರಗೆಳೆಯಿತು. ಓಡಿಸುತ್ತಿದ್ದವನು ಎಡ್ವಿನ್. ಲಕಮನಹಳ್ಳಿಯಲ್ಲಿ ಲೇತ್ ಯಂತ್ರದ ಶೆಡ್ಡು ಇಟ್ಟುಕೊಂಡವನು.

“ರಸ್ತೆ ಇಲ್ಲದಲ್ಲಿ ಯಾಕ ಓಡಸ್ತೀರಿ?” ಎಂದು ಇವರು ಕೇಳಿದರು.

“ರಸ್ತೆ ಇದ್ದಲ್ಲಿ ಎಲ್ಲಾರೂ ಹೋಗ್ತಾರಲ್ರಿ, ಸಾವಕಾರ್ರ!”

ಆ ಮಾತು ಇವರೊಳಗೆ ಎಲ್ಲೋ ಹೋಗಿ ನಾಟಿತು. ಎಡ್ವಿನ್ನನ ಶೆಡ್ಡಿಗೆ ಗುಜರಿಯಿಂದ ಹಳೆಯ ಜೀಪಿನ ಎಲುಬುಗೂಡು ಬಂತು. ಎಂಜಿನ್ ಒಂದು ಕಡೆಯಿಂದ, ಗೇರ್‌ಬಾಕ್ಸ್ ಇನ್ನೊಂದು ಕಡೆಯಿಂದ. ಎರಡು ವರ್ಷ ಇವರ ರವಿವಾರಗಳೆಲ್ಲ ಅಲ್ಲೇ ಕಳೆದವು. ಉಗುರಿನಲ್ಲಿ ಗ್ರೀಸು ಸೇರಿತು. ರೇಷ್ಮೆಗೆ ಕಲೆಯಾದೀತೆಂದು ಅಂಗಡಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

“ನನ್ನ ಮಗ ಎರಡನೇ ಲಗ್ನ ಆಗ್ಯಾನ. ಸಣ್ಣ ಸೊಸಿ ಲಕಮನಹಳ್ಳ್ಯಾಗ ಅದಾಳ,” ಎಂದು ಅತ್ತೆ ಚನ್ನಬಸವ್ವ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಆ ದಿನಗಳಲ್ಲೇ ಇವರು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದರು. ಪಕ್ಕದಲ್ಲಿಟ್ಟ ಚಹಾ ಚೆಲ್ಲುತ್ತಿತ್ತು. ಸಂಜೆಯಾದರೆ ಮೆಟ್ಟಿಲು ತಪ್ಪುತ್ತಿತ್ತು. “ಲಕ್ಷ್ಯ ಎಲ್ಲೈತ್ರಿ?” ಎಂದು ನಾನು ಕೇಳಿದರೆ, “ಜೀಪಿನ್ಯಾಗ!” ಎಂದು ಅತ್ತೆಯೇ ಉತ್ತರ ಕೊಡುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಮಗಳ ಒಂದು ಸೀನಿಗೆ ಡಾಕ್ಟರರ ಮನೆಗೆ ಓಡುವ ನಾನೂ ನಗುತ್ತಿದ್ದೆ.

ಜೀಪು ತಯಾರಾದ ಮೇಲೆ ಮೊದಲ ಸಲ ಹಳ್ಳಕ್ಕಿಳಿಸಲು ಎಡ್ವಿನ್ನನ ಜೊತೆ ನಾವೆಲ್ಲ ಅದೇ ಶಿರಗುಪ್ಪಿಯ ಕಡೆ ಹೋದೆವು. ಅದು ಹಳೆಯ ಮಾದರಿ. ನಾಲ್ಕೂ ಗಾಲಿಗೆ ಬಲ ಬರಬೇಕಾದರೆ ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ಮಧ್ಯದಲ್ಲಿರುವ ಹಬ್ ಎಂಬ ಬಿಲ್ಲೆಯನ್ನು ಕೈಯಿಂದ ತಿರುವಬೇಕು. ಶಾಂಭವಿಗೆ ಶೆಡ್ಡಿನಲ್ಲಿ ಅದನ್ನು ಕಲಿಸಿದವರು ಇವರೇ. ಇವರು ಬಲಗಡೆಯದನ್ನು ತಿರುವಿದರು, ಎಡಗಡೆಗೆ ಹೋಗಿ ಅದನ್ನೂ ತಿರುವಿ ಬಂದು ಸ್ಟೇರಿಂಗ್ ಹಿಡಿದು ಕೂತರು. ಅಪ್ಪ ತಿರುವಿದ್ದು ಸಾಲದೆಂದು ಮಗಳು ನನ್ನ ಕೈ ಬಿಡಿಸಿಕೊಂಡು ಓಡಿ, ಎಡಗಡೆಯ ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

ಇವರು ಆ ಕಡೆ ನೋಡಿದರು. ನೋಡಿದ್ದನ್ನು ನಾನು ಕಂಡಿದ್ದೇನೆ. ನೋಡಿ, ಗೇರು ಹಾಕಿದರು.

ಎಡ್ವಿನ್ ಹಾರಿ ಅವಳ ಫ್ರಾಕು ಹಿಡಿದೆಳೆದ. ಅವಳ ಒಂದು ಚಪ್ಪಲಿ ಗಾಲಿಯ ಕೆಳಗೆ ಹೋಯಿತು.

“ಕೂಸು ಕಾಣ್ಲಿಲ್ಲೇನ್ರಿ? ಕಣ್ಣ ಮುಂದ ಇತ್ತಲ್ರಿ!” ಎಂದು ಚೀರಿದೆ.

ಇವರು ಕೆಳಗಿಳಿದು ಮಣ್ಣಿನೊಳಗಿನ ಚಪ್ಪಲಿ ಹುಡುಕಿದರು. ಅದು ಕಾಲಿನ ಪಕ್ಕದಲ್ಲೇ ಇತ್ತು. ಕೈಗೆ ಸಿಗಲಿಲ್ಲ. “ನಂಗ ಬಾಜೂಕಿಂದು ಏನೂ ಕಾಣವಲ್ದು,” ಎಂದರು ಮೆಲ್ಲಗೆ. “ಭಾಳ ದಿನಾ ಆತು. ಜೀಪೊಂದು ಮುಗೀಲಿ ಅಂತ ಸುಮ್ಮನಿದ್ದೆ.”

ಕಣ್ಣಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತಿದೆ, ಕೊಳವೆಯಲ್ಲಿ ನೋಡಿದಷ್ಟೇ ಉಳಿದಿದೆ, ಅದೂ ಹೋಗಬಹುದು ಎಂದರು ಡಾಕ್ಟರು. ಇವರು ಕೇಳಿದ್ದು ಒಂದೇ: “ಒಂದ್ಸಲ ಹಳ್ಳ ದಾಟಸ್ಲೇನ್ರಿ?” ಡಾಕ್ಟರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ಇವರು ಕಿಸೆಯಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಜೀಪನ್ನು ಕೊಂಡದ್ದು ಶಿರಗುಪ್ಪಿಯ ರೈತ ಸಿದ್ದಲಿಂಗಪ್ಪ. ಒಯ್ಯಲು ಬಂದ ದಿನ ಅತ್ತೆ ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಕಟ್ಟಿ ತಂದು ಮುಂದಿನ ಸೀಟಿನ ಮೇಲಿಟ್ಟರು.

“ಇದೇನವಾ, ಗಾಡಿಗೆ ಉಡಿ ತುಂಬಾಕತ್ತೀ?” ಎಂದ ಸಿದ್ದಲಿಂಗಪ್ಪ.

“ಸೊಸಿ ಅಂತ ಚ್ಯಾಷ್ಟಿ ಮಾಡ್ತಿದ್ದೆ. ಈಗ ಮಗಳನ್ನ ಕಳಿಸಿದಂಗ ಆಗೇತಿ. ಬರೇ ಉಡೀಲೆ ಹ್ಯಾಂಗ ಕಳಸ್ಲೋ, ಯಪ್ಪಾ?”

ಇವರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಗಾಲಿಯವರೆಗೆ ಹೋದರು. “ಎಡಗಡೆ ಹಬ್ ಬಿಗಿ ಐತ್ರಿ. ಕೈಲೇ ತಿರುವ್ರಿ, ಕಾಲಿಲೆ ಒದೀಬ್ಯಾಡ್ರಿ.”

ಜೀಪು ಓಣಿ ದಾಟಿ ಬಲಕ್ಕೆ ಹೊರಳಿತು. ಇವರು ಇನ್ನೂ ನೇರ ನೋಡುತ್ತಲೇ ನಿಂತಿದ್ದರು, ಎದುರು ಮನೆಯ ಗೋಡೆಯನ್ನು.

“ಶಾಂಭವಿ?” ಎಂದು ಬಲಕ್ಕೆ ಕೈ ಚಾಚಿದರು.

ಅವಳು ಎಡಗಡೆ ನಿಂತಿದ್ದಳು. ಸುತ್ತಿಕೊಂಡು ಬಂದು ಅಪ್ಪನ ಎದುರಿಗೆ, ನಟ್ಟನಡುವೆ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ.