ಹೊಟ್ಟೆಯಲ್ಲಿ ಸವಳು ಬೆಳೆಯಲು ಹೊರಟದ್ದು

ದೇವರಿಗೆ ಅಡ್ಡಬೀಳುವುದನ್ನು ನಾನು ಕೆಲವು ಕಾಲ ಬಿಟ್ಟಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಭಕ್ತಿ ಕಡಿಮೆಯಾಗಿ ಅಲ್ಲ. ದೇವರ ಜಗಲಿಯ ಮುಂದೆ ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿದರೆ ಸಾಕು, ಬಾಯಿಗೆ ಶಿವನ ಹೆಸರು ಬರುವ ಮೊದಲೇ ಗಂಟಲಿಗೆ ಹುಳಿನೀರು ಬರುತ್ತಿತ್ತು. ಹಾಗಾಗಿ ನಿಂತೇ ಕೈ ಮುಗಿಯುತ್ತಿದ್ದೆ, ಬಸ್ಸಿಗೆ ಅವಸರವಿದ್ದವಳ ಹಾಗೆ.

ಮನೆಯಲ್ಲಾದರೆ ಹೇಗೋ ನಡೆಯಿತು. ಆದರೆ ಶ್ರಾವಣದ ಸೋಮವಾರ ಮಸ್ಕಿಯ ಗುಡ್ಡ ಹತ್ತಿ ಮಲ್ಲಯ್ಯನ ಹೊಸ್ತಿಲಿಗೆ ಹಣೆ ಹಚ್ಚುವುದು ಮದುವೆಯಾದಾಗಿನಿಂದ ನಡೆಸಿಕೊಂಡು ಬಂದದ್ದು. ಶ್ರಾವಣ ಹತ್ತಿರ ಬರುತ್ತಿತ್ತು. ಅಲ್ಲಿಯೂ ನಿಂತೇ ಕೈ ಮುಗಿದು ಬರುವುದೆಂದರೆ ಮನಸ್ಸು ಒಪ್ಪಲೊಲ್ಲದು.

ಲಿಂಗಸುಗೂರಿಗೆ ತಂಗಿಯ ಮನೆಗೆ ಹೋದಾಗ ಅಲ್ಲಿಯ ಡಾಕ್ಟರರಿಗೆ ತೋರಿಸಿದೆ. ಗುಳಿಗೆ ಬರೆದು, "ರಾತ್ರಿ ಊಟ ಯಾವಾಗ ಮಾಡ್ತೀರಿ?" ಎಂದರು.

"ಎಲ್ಲಾರದೂ ಆದ ಮ್ಯಾಲೆ ರೀ."

"ಉಂಡ ಕೂಡ್ಲೆ ಮಲಗಬ್ಯಾಡ್ರಿ."

ಎಲ್ಲರ ಊಟವಾಗಿ, ಭಾಂಡೆ ತೊಳೆದು, ಕಟ್ಟೆ ಒರೆಸಿ, ಕೊನೆಗೆ ಉಂಡವಳು ಮಲಗದೆ ಇನ್ನೇನು ಮಾಡಬೇಕೋ ಅವರು ಹೇಳಲಿಲ್ಲ. ಗುಳಿಗೆ ಇರುವ ತನಕ ಆರಾಮವಿತ್ತು. ಗುಳಿಗೆ ಮುಗಿಯಿತು, ಹುಳಿನೀರು ತವರಿಗೆ ಬಂದ ಮಗಳ ಹಾಗೆ ಹಕ್ಕಿನಿಂದ ತಿರುಗಿ ಬಂತು.

ಆಗ ಎದುರು ಮನೆಯ ಶಬಾನಾ ಮೊಬೈಲ್ ಹಿಡಿದುಕೊಂಡು ಬಂದಳು. "ಅಕ್ಕಾ, ನಿಮ್ಮ ಮೈಯೆಲ್ಲ ಹುಳಿಯಾಗೇತಿ. ಕ್ಷಾರದ ಊಟ ಮಾಡ್ರಿ, ಎಲ್ಲಾ ಸಾಫ್ ಆಕ್ಕೈತಿ." ವಿಡಿಯೋದಲ್ಲಿ ಬಿಳಿ ಕೋಟಿನ ಒಬ್ಬಾತ ಸೌತೆಕಾಯಿ ಹಿಡಿದು ದೇವರನ್ನು ತೋರಿಸಿದಂತೆ ತೋರಿಸುತ್ತಿದ್ದ. ಸೊಪ್ಪು, ಸೌತೆ, ಲಿಂಬೆಹಣ್ಣಿನ ನೀರು ಕ್ಷಾರವಂತೆ. ಚಹಾ, ಖಾರಬ್ಯಾಳಿ, ಕರಿದದ್ದು ಬೇಡವಂತೆ. ರಾತ್ರಿಯ ಊಟ ದೀಪ ಹಚ್ಚುವ ಹೊತ್ತಿಗೇ ಮುಗಿಯಬೇಕಂತೆ.

ನಮ್ಮ ಮನೆಯವರಿಗೆ ಹೇಳಿದೆ. ಅವರದು ಸಾಲಗುಂದದ ಕಡೆ ಭತ್ತದ ಹೊಲ. ಕಾಲುವೆಯ ನೀರು ವರ್ಷಗಟ್ಟಲೆ ನಿಂತು ಅದರ ಒಂದು ಮೂಲೆ ಸವಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಪುಡಿ ಏಳುತ್ತದೆ. ಅವರು ಊಟದ ತಾಟಿನಿಂದ ಕೈ ಎತ್ತಿ ನಕ್ಕರು. "ಸವಳಂದ್ರ ಕ್ಷಾರಾನ ಅಲ್ಲೇನ? ನಾ ಹೊಲದಾಗಿಂದು ತೆಗೀಬೇಕಂತ ಜಿಪ್ಸಂ ಚೆಲ್ಲಿ ಸಾಯಾಕತ್ತೀನಿ, ನೀ ಹೊಟ್ಟ್ಯಾಗ ಸವಳು ಬೆಳ್ಯಾಕ ಹೊಂಟೀ?"

ನನಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಕ್ಷಾರ ಯಾವುದು, ಅಲ್ಲದ್ದು ಯಾವುದು ಎಂದು ನೋಡುವುದು ಹೇಗೆ? ಉತ್ತರ ಆರತಿ ತಟ್ಟೆಯಲ್ಲೇ ಇತ್ತು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ದೃಷ್ಟಿ ತೆಗೆಯಲು ಎಷ್ಟು ಸಲ ಮಾಡಿಲ್ಲ! ಸುಣ್ಣವೂ ಕ್ಷಾರವೇ ಎಂದಿದ್ದ ಶಬಾನಾಳ ವಿಡಿಯೋದವನು. ಹಾಗಾದರೆ ಅರಿಶಿನವನ್ನು ಕೆಂಪು ಮಾಡುವುದೆಲ್ಲ ಕ್ಷಾರ. ಹಳೆಯ ಧೋತರದ ತುಂಡಿಗೆ ಅರಿಶಿನ ಹಚ್ಚಿ ಒಣಗಿಸಿ ಪರೀಕ್ಷೆಗೆ ಕುಳಿತೆ. ಲಿಂಬೆರಸ ಹಾಕಿದೆ, ಹಳದಿ. ಸೌತೆಯ ನೀರು, ಹಳದಿ. ಮೆಂತ್ಯೆ ಸೊಪ್ಪೂ ಹಳದಿ. ಅಡಿಗೆ ಸೋಡಾ ಕೆಂಪು. ಬಟ್ಟೆಯ ಸಬಕಾರವಂತೂ ಕುಂಕುಮದಂಥ ಕೆಂಪು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಹಂಗಾದ್ರ ಸಬಕಾರ ತಿನ್ನು ಬೇ, ಒಳಗೂ ಸ್ವಚ್ಛ ಆಕ್ಕೈತಿ" ಎಂದರು.

ಶಬಾನಾ ಸೋಲಲಿಲ್ಲ. "ಲಿಂಬಿ ಹೊರಗ ಹುಳಿ ಅಕ್ಕಾ, ಒಳಗ ಹೋದ ಮ್ಯಾಲೆ ಕ್ಷಾರ." ಇರಬಹುದು. ಹೊರಗೆ ಹುಳಿಯಾಗಿದ್ದು ಒಳಗೆ ಬೇರೆಯೇ ಇರುವ ಮನುಷ್ಯರನ್ನು ನಾನೂ ಕಂಡಿದ್ದೇನೆ. ಆದರೆ ಡಾಕ್ಟರರಿಗೆ ಫೋನು ಮಾಡಿ ಕೇಳಿದರೆ, ರಕ್ತ ತನ್ನ ಹದ ತಾನೇ ಕಾಯ್ದುಕೊಳ್ಳುತ್ತದೆ, ನಾವು ತಿಂದದ್ದರಿಂದ ಅದು ಬದಲಾಗುವುದಿಲ್ಲ ಎಂದರು. ನನಗೆ ಅದೇ ದೊಡ್ಡ ಕೃಪೆ ಅನಿಸಿತು. ನಾನು ಕೇಳಿಕೊಳ್ಳದೆಯೇ ಶಿವನು ಒಳಗೊಬ್ಬ ಕಾವಲುಗಾರನನ್ನು ಇಟ್ಟಿದ್ದಾನೆ!

ಮರುದಿನ ಮನೆಯವರು ಸುಮ್ಮನೆ ಒಂದು ಹಿಡಿ ಹೊಲದ ಮಣ್ಣು ತಂದು ಮುಂದಿಟ್ಟರು. ಕಲಸಿ ಬಟ್ಟೆಗೆ ಹಚ್ಚಿದೆ. ಇಟ್ಟಿಗೆಯಂತೆ ಕೆಂಪಾಯಿತು. ಅವರು ನಗಲಿಲ್ಲ. ಹೊಲಕ್ಕೆ ಸವಳು, ನನಗೆ ಹುಳಿ: ಒಂದೇ ಮನೆಗೆ ಎರಡನ್ನೂ ಕೊಟ್ಟವನು ಅದಲು ಬದಲು ಮಾಡಿದ್ದರೆ ಇಬ್ಬರಿಗೂ ಹದವಾಗುತ್ತಿತ್ತಲ್ಲ ಎಂದುಕೊಂಡೆ.

ಪಥ್ಯವನ್ನು ಬಿಡಲೂ ಮನಸ್ಸಾಗಲಿಲ್ಲ. ಚಹಾ ಅರ್ಧ ಬಿಟ್ಟೆ. ಪುಂಡಿಸೊಪ್ಪಿನ ಹುಳಿಪಲ್ಲೆ ಬಿಡಲಾಗಲಿಲ್ಲ, ಅದಕ್ಕೆ ನಾನು ಯಾವ ವಿಡಿಯೋವನ್ನೂ ಕೇಳುವುದಿಲ್ಲ. ಉಳಿದದ್ದು ಹೊತ್ತಿನ ನಿಯಮ. ಅದೇ ಎಲ್ಲಕ್ಕಿಂತ ಕಠಿಣ. ನಮ್ಮ ಮನೆಯಲ್ಲಿ ಹೆಂಗಸರು ಗಂಡಸರಿಗಿಂತ ಮೊದಲು ಉಂಡ ಸಂಪ್ರದಾಯವೇ ಇಲ್ಲ.

ಮೊದಲ ಸಂಜೆ ದೇವರಿಗೆ ದೀಪ ಹಚ್ಚಿ, ಅಡಿಗೆಮನೆಯ ಕದದ ಹಿಂದೆ ತಾಟು ಹಿಡಿದು ಕುಳಿತೆ. ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ, ಬೇಳೆಪಲ್ಲೆ, ಸೌತೆ. ನನ್ನ ಮನೆಯ ರೊಟ್ಟಿಯನ್ನು ನಾನೇ ಕದ್ದು ತಿಂದ ಹಾಗೆ ಅನಿಸುತ್ತಿತ್ತು. ಅಷ್ಟರಲ್ಲಿ ಅತ್ತೆ ಬಂದರು.

"ಯಾರಿಗೆ ಹಚ್ಚಿದ ತಾಟು ಬೇ ಇದು?"

"ನನಗ ರೀ ಅತ್ತಿ."

ಅವರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ತಾಟು ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲೇ ಕುಳಿತರು.

"ನನಗೂ ಹಾಕು. ಈ ಮನಿಗೆ ಬಂದಾಗಿಂದ ಬಿಸಿ ರೊಟ್ಟಿ ಮಂದಿಗೆ ಬಡದೀನಿ, ತಣ್ಣಂದು ತಿಂದೀನಿ. ನಿನ್ನ ಕ್ಷಾರದಾಗ ಬಿಸಿ ರೊಟ್ಟಿ ನಡೀತೈತೇನು?"

"ನಡೀತೈತ್ರೀ."

"ಹಂಗಾದ್ರ ಚಲೋ ಪಥ್ಯ."

ಶ್ರಾವಣದ ಸೋಮವಾರ ಇಬ್ಬರೂ ಮಸ್ಕಿಗೆ ಹೋದೆವು. ಮಲ್ಲಯ್ಯನ ಹೊಸ್ತಿಲಿಗೆ ಹಣೆ ಹಚ್ಚಿ, ಉಸಿರು ಹಿಡಿದು ಕಾದೆ. ಬೆನ್ನ ಹಿಂದಿನಿಂದ ಅತ್ತೆ, "ಬಂತೇನು?" ಎಂದರು. ಬರಲಿಲ್ಲ. ಬಂದದ್ದು ಕಣ್ಣೀರು ಮಾತ್ರ. ಅದು ಹುಳಿಯೋ ಕ್ಷಾರವೋ ನೋಡಲು ಅರಿಶಿನದ ಬಟ್ಟೆ ಜೊತೆಗಿರಲಿಲ್ಲ.

ಗುಣ ಮಾಡಿದ್ದು ಸೌತೆಯೋ, ಸಂಜೆಯ ಹೊತ್ತೋ, ಬಿಟ್ಟ ಅರ್ಧ ಚಹಾವೋ ಈಗಲೂ ಗೊತ್ತಿಲ್ಲ. ತಿಳಿಯುವ ಆಸೆ ಹೋಗಿಲ್ಲ. ಮನೆಯವರು ಮಾತ್ರ ನಮ್ಮ ಸಂಜೆಯ ಊಟಕ್ಕೆ ಹೆಸರಿಟ್ಟಿದ್ದಾರೆ. ಹೊಲದಿಂದ ಬಂದು ಕಾಲು ತೊಳೆಯುತ್ತಾ, "ನಿಮ್ಮಿಬ್ಬರದು ಕ್ಷಾರ ಆತೇನು?" ಎನ್ನುತ್ತಾರೆ.

"ಆತ್ರೀ. ನಿಮ್ಮವು ರೊಟ್ಟಿ ಬುಟ್ಟ್ಯಾಗ ಅದಾವು."

"ತಣ್ಣಗಾಗ್ಯಾವಲ್ಲೇ!"

ನಾನು ಬಾಯಿ ತೆಗೆಯುವ ಮೊದಲೇ ಜಗಲಿಯ ಕಡೆಯಿಂದ ಅತ್ತೆಯ ದನಿ ಬರುತ್ತದೆ: "ಉಣ್ಣಪಾ, ಏನೂ ಆಗೂದಿಲ್ಲ. ನಾ ಉಂಡೀನಲ್ಲ ಇಷ್ಟು ವರ್ಷ."